ಎಲ್ಲರ ಪರವಾಗಿ ಊದಿದವನು

"ಏ ಗಂಗೀ, ಕೆಮ್ಮಾಕ ಪಗಾರ ಕೊಡ್ತೀವೇನ ಬೇ ನಿನಗ? ಇಲ್ಲಾ ಹೊಟ್ಟು ಬಳ್ಯಾಕ ಕೊಡ್ತೀವೋ? ಖರೇ ಹೇಳು."

ಮುಕಾದಮ ರೇವಣಪ್ಪ ಹೊಟ್ಟಿನ ಖೋಲಿಯ ಹೊಸ್ತಿಲ ಹೊರಗೇ ನಿಂತು, ಟವೆಲ್ಲನ್ನು ಮೂಗಿಗೆ ಅಡ್ಡ ಹಿಡಿದುಕೊಂಡು ಕೇಳಿದ. ಒಳಗೆ ಕಾಲಿಡುವ ಮನುಷ್ಯ ಅವನಲ್ಲ. ಒಳಗೆ ತೊಗರಿಯ ಧೂಳು ಬಿಸಿಲಕೋಲಿನಲ್ಲಿ ಹಳದಿ ಹೊಗೆಯಂತೆ ತೇಲುತ್ತಿತ್ತು. ಗಂಗುಬಾಯಿ ಕಸಬರಿಗೆ ಕೆಳಗಿಟ್ಟು, ಕುಕ್ಕರುಗಾಲಲ್ಲಿ ಕುಳಿತು, ಮೊಣಕಾಲಿಗೆ ಕೈ ಊರಿ, ಉಸಿರನ್ನು ಎಲ್ಲಿಂದಲೋ ಜಗ್ಗಿ ಜಗ್ಗಿ ತರುತ್ತಿದ್ದಳು. ಬಂದ ಉಸಿರು ಹೊರಗೆ ಹೋಗಲು ಒಲ್ಲೆ ಎನ್ನುತ್ತಿತ್ತು.

"ಮಾತಾಡು. ನಾಲಿಗಿ ಬಿದ್ದದೇನು?"

"ದಮ್ಮ... ಹತ್ತ್ಯಾದ್ರೀ."

"ದಮ್ಮ ಹತ್ತಿದರ ಮನ್ಯಾಗ ಬಿದ್ಕೋಬೇಕು. ಇಲ್ಲಿ ಹೊಟ್ಟು ಬಾಗಿಲ ಮಟ ಬಂದು ಕುಂತದ. ಬ್ಲೋವರ್ ಏನ್ ನಿಮ್ಮಪ್ಪ ಬಂದು ನಿಂದ್ರಸ್ತಾನೇನು?"

ಹೊರಗೆ ಲಾರಿಗೆ ಚೀಲ ಹೇರುತ್ತಿದ್ದ ಹುಲೆಪ್ಪನಿಗೆ ಇದೆಲ್ಲ ಕೇಳಿಸುತ್ತಿತ್ತು. ಗಂಗುಬಾಯಿ ಅವನ ಹೆಂಡತಿ. ಬೆನ್ನ ಮೇಲೆ ಚೀಲ ಇದ್ದವನಿಗೆ ತಲೆ ಎತ್ತಿ ನೋಡಲು ಬರುವುದಿಲ್ಲ, ಅದೊಂದು ಅನುಕೂಲ. ಚೀಲ ಇಳಿಸಿದ ಮೇಲೂ ಅವನು ತಲೆ ಎತ್ತಲಿಲ್ಲ. ಮತ್ತೊಂದು ಚೀಲಕ್ಕೆ ಬೆನ್ನು ಕೊಟ್ಟ.

ಆಳಂದದಿಂದ ಸರಸಂಬಾ ಕಡೆಗೆ ಹೋಗುವ ದಾರಿಯಲ್ಲಿ, ಕರಿ ಹೊಲಗಳ ನಡುವೆ, ಜಗದೇವಪ್ಪ ಸಾವ್ಕಾರರ ದಾಲ್ ಮಿಲ್ಲು. ತೊಗರಿ ಒಂದು ಬಾಗಿಲಿಂದ ಒಳಗೆ ಹೋಗುತ್ತದೆ. ಬೇಳೆ ಇನ್ನೊಂದು ಬಾಗಿಲಿಂದ ಲಾರಿ ಹತ್ತುತ್ತದೆ. ಹೊಟ್ಟು ಮಾತ್ರ ಬ್ಲೋವರಿನ ಗಾಳಿಗೆ ದೊಡ್ಡ ಪೈಪಿನಲ್ಲಿ ಬಂದು, ಕಿಟಕಿಯಿಲ್ಲದ ಒಂದು ಖೋಲಿಯಲ್ಲಿ ಬೀಳುತ್ತದೆ. ಧೂಳು ಹೀರುವ ಮಷಿನ್ನು ಹಾಕಿಸಬಹುದಿತ್ತು. ಹೆಂಗಸರನ್ನು ಹಾಕಿಸಿದ್ದರು. ಅವರು ಮುಖಕ್ಕೆ ಸೆರಗು ಬಿಗಿದು ಹೊಟ್ಟು ಬಳಿದು ಚೀಲ ತುಂಬುತ್ತಿದ್ದರು, ಸಂಜೆ ಹೊರಬಂದಾಗ ಹುಬ್ಬು ರೆಪ್ಪೆಯೆಲ್ಲ ಹಳದಿಯಾಗಿ, ನಿಬ್ಬಣಕ್ಕೆ ಅರಿಷಿಣ ಹಚ್ಚಿಸಿಕೊಂಡವರಂತೆ ಕಾಣುತ್ತಿದ್ದರು.

ಹುಲೆಪ್ಪ ಕೊರವರ ಓಣಿಯವನು. ಹಗಲು ಹಮಾಲಿ, ಮದುವೆಯ ದಿನಗಳಲ್ಲಿ ಸನಾದಿ ಊದುವುದು. ಆಳಂದ, ಅಫಜಲಪುರದ ಯಾವ ಹಂದರದಲ್ಲಿ ಅಕ್ಕಿಕಾಳು ಬಿದ್ದರೂ ಅವನ ಸನಾದಿ ಮೊದಲು ಕೇಳಬೇಕು. ಕೂತು ಊದುವುದು ಹಂದರದ ಹೊರಗೆ, ಉಣ್ಣುವುದು ಎಲ್ಲರದೂ ಆದ ಮೇಲೆ. ಅದರ ಬಗ್ಗೆ ಅವನಿಗೆ ದೂರಿರಲಿಲ್ಲ. ಅವನ ಅಪ್ಪನಿಗೂ ಇರಲಿಲ್ಲ. ಕೆನ್ನೆಯಲ್ಲಿ ಗಾಳಿ ತುಂಬಿಟ್ಟುಕೊಂಡು, ಮೂಗಿನಿಂದ ಹೊಸ ಉಸಿರು ಎಳೆದು, ನಡುವೆ ಕಡಿಯದಂತೆ ಒಂದೇ ಸ್ವರವನ್ನು ಬೇಸರವಾಗುವವರೆಗೆ ಹಿಡಿಯುತ್ತಿದ್ದ. "ಹುಲ್ಯಾನ ಎದಿಯಾಗ ಬ್ಲೋವರ್ ಅದ ಲೇ" ಎಂದು ಹಮಾಲರು ನಗುತ್ತಿದ್ದರು. ಅವನಿಗೆ ಇದ್ದ ಆಸ್ತಿ ಅಂದರೆ ಆ ಹೊಗಳಿಕೆಯೊಂದೇ.

ಉಸಿರು ಅಳೆಯುವವರು ಮಿಲ್ಲಿಗೆ ಬಂದದ್ದು ಆ ವಾರವೇ.

ಯಾವುದೋ ದೊಡ್ಡ ಊರಿನ ಕಂಪನಿಯವರು ಜಗದೇವಪ್ಪನವರ ಬೇಳೆಯನ್ನು ಚಂದದ ಪಾಕೀಟಿನಲ್ಲಿ ತುಂಬಿ ಮಾರುವವರಿದ್ದರು. ಅವರದೊಂದು ಷರತ್ತು: ಬೇಳೆ ಮಾಡುವವರ ಎದೆ ಗಟ್ಟಿಯಿರಬೇಕು, ಊದಿಸಿ ನೋಡಬೇಕು. ಷರತ್ತಿನ ಉಳಿದ ಭಾಗ ಸಾವ್ಕಾರರಿಗೆ ಮಾತ್ರ ಗೊತ್ತಿತ್ತು. ಹೆಂಗಸರಿಗೆ ಗೊತ್ತಾದದ್ದು ರೇವಣಪ್ಪ ಹೇಳಿದಷ್ಟು.

"ಕೊಳವ್ಯಾಗ ಮೂರು ಬಣ್ಣ ಅವ. ಹಸಿರಿಗಿ ಬಂದಾಕಿ ಕೆಲಸದಾಗ ಇರ್ತಾಳ. ಹಳದಿಗಿ ಬಂದಾಕಿದು ನೋಡೂಣು. ಕೆಂಪಿಗಿ ನಿಂತಾಕಿ ಮನಿಗಿ. ತಿಳೀತಿಲ್ಲೋ?"

ತಿಳಿಯಿತು. ಹೊಟ್ಟಿನ ಖೋಲಿಯಲ್ಲಿ ಆವತ್ತು ಯಾರೂ ಕೆಮ್ಮಲಿಲ್ಲ. ಕೆಮ್ಮು ಬಂದವರು ಹೊರಗೆ ಹೋಗಿ, ಬಯಲಕಡೆಗೆ ಹೋದವರಂತೆ ಬಹಳ ಹೊತ್ತು ಬಿಟ್ಟು ಬಂದರು.

ಜೀಪಿನಲ್ಲಿ ಒಬ್ಬ ಡಾಕ್ಟರು ಬಂದ. ಸಾವ್ಕಾರರು ಮಿಲ್ಲಿಗೆಂದೇ ಗೊತ್ತುಮಾಡಿದವನು. ಬಂದವನೇ ಆಫೀಸಿನ ಫ್ಯಾನಿನ ಕೆಳಗೆ ಕೂತ. ಅವನ ಜೊತೆ ಬಂದ ಜೇವರ್ಗಿಯ ಖಮರ ಎಂಬ ಹುಡುಗಿ ಮಾತ್ರ ಅಂಗಳದಲ್ಲಿ ಮೇಜು ಹಾಕಿ, ಬಿಳಿ ಪ್ಲಾಸ್ಟಿಕ್ ಕೊಳವೆಯೊಂದನ್ನು ಎತ್ತಿ ಹಿಡಿದಳು. ಕೊಳವೆಯ ಮೈಮೇಲೆ ಗೆರೆಗಳು, ಗೆರೆಗಳ ನಡುವೆ ಜಾರುವ ಒಂದು ಮುಳ್ಳು.

"ನೋಡ್ರಿ ಅಕ್ಕಾ, ಅಂಜಬ್ಯಾಡ್ರಿ. ಸೂಜಿ ಇಲ್ಲ, ದವಾ ಇಲ್ಲ. ಎದಿ ತುಂಬ ಉಸಿರು ತಗೋರಿ. ತುಟಿ ಬಿಗಿ ಹಿಡೀರಿ. ಒಲಿ ಊದ್ದಂಗ ನಿಧಾನ ಅಲ್ಲ, ಒಮ್ಮಿಗೇ ಧಪ್ ಅಂತ ಬಿಡ್ರಿ. ಮೂರು ಸರ್ತಿ. ಎದಿಯೊಳಗಿನ ನಳಿಗಿ ಎಷ್ಟು ಬಿಗ್ಯಾಗ್ಯಾವ ಅಂತ ಈ ಮುಳ್ಳ ಹೇಳ್ತದ. ದಮ್ಮ ಹತ್ತೂಕಿಂತ ಮೊದಲೇ ಇದಕ್ಕ ಗೊತ್ತಾಗ್ತದ. ಗೊತ್ತಾದರ ದವಾ ಕೊಡಾಕ ಬರ್ತದ."

ಬಾಯಿಗೆ ಇಡುವ ಕಾಗದದ ಸಣ್ಣ ನಳಿಗೆಗಳನ್ನು ತೆಗೆಯಲು ಡಬ್ಬಿ ಬಿಚ್ಚಿದಳು. ದಾರಿಯಲ್ಲಿ ಡಾಕ್ಟರನ ನೀರಿನ ಬಾಟಲಿ ಸೋರಿ ಎಲ್ಲವೂ ಹಿಟ್ಟಾಗಿದ್ದವು. ಖಮರ ಒಂದು ಕ್ಷಣ ನೋಡಿ, "ಚಿಂತಿಲ್ಲ, ಒಬ್ಬೊಬ್ಬರದು ಆದ ಮ್ಯಾಲ ದವಾದ ನೀರಾಗ ತೊಳೀತೇನಿ" ಎಂದಳು.

ಅಲ್ಲಿಗೆ ಉಸಿರಿನ ಪರೀಕ್ಷೆ ನಿಂತಿತು.

"ಯಾರ್ಯಾರದೋ ಎಂಜಲ ನಾ ಬಾಯಾಗ ಇಡೂದಾ?" ಭಾಗ್ಯಾ ಮೊದಲು ಎದ್ದಳು. ಅವಳು ಸಾವ್ಕಾರರ ಜಾತಿಯವಳೇ. ಹೊಟ್ಟಿನ ಖೋಲಿಯಲ್ಲಿ ಅದೊಂದೇ ಅವಳ ಕೈಯಲ್ಲಿದ್ದ ಬೆಳ್ಳಿ. "ಕೊರವರ ಗಂಗಿ ಊದಿದ್ದು ನಾ ಊದಬೇಕೇನು? ಕೊಳ್ಳಾಗ ಲಿಂಗ ಅದ ನಂಗ. ಬೇಕಾರ ಕೆಲಸ ಬಿಡ್ತೇನಿ."

"ನಿಂದಾದ ಮ್ಯಾಲ ನಾ ಊದ್ತೇನಿ ಭಾಗ್ಯವ್ವ, ನನಗಿಂತ ಮೊದಲ ಮಾತ್ರ ಅವರು ಬ್ಯಾಡ," ಎಂದು ಇನ್ನೊಬ್ಬಳು ಸಾಬರ ಓಣಿಯ ಸೀಮಾಳ ಕಡೆ ತೋರಿಸಿದಳು.

"ನಂಗೇನ್ ಜರೂರತ್ ಬಿದ್ದದ ನಿಮ್ಮ ಎಂಜಲ?" ಸೀಮಾ ಸೆರಗು ಬಿಗಿದಳು. "ನಾನೂ ಹೊಲಗೇರಿಯವರ ಹಿಂದ ಊದಾಕಿ ಅಲ್ಲ."

ಹೊಲಗೇರಿಯವರು ಕೊರವರ ಹಿಂದೆ ಒಲ್ಲೆವೆಂದರು. ಹೀಗೆ ಪ್ರತಿಯೊಬ್ಬಳಿಗೂ ತನ್ನ ಕೆಳಗೊಬ್ಬಳು ಸಿಕ್ಕಳು. ಗಂಗುಬಾಯಿಗೂ ಯಾರಾದರೂ ಸಿಕ್ಕಿದ್ದರೆ ಒಲ್ಲೆ ಎನ್ನುತ್ತಿದ್ದಳೇನೋ. ಸಿಗಲಿಲ್ಲ. ಅವಳು ಗೋಡೆಗೆ ಒರಗಿ ಉಸಿರಾಡುವ ಕೆಲಸ ಮುಂದುವರಿಸಿದಳು.

ಗದ್ದಲ ಕೇಳಿ ಜಗದೇವಪ್ಪನವರೇ ಹೊರಗೆ ಬಂದರು. ಬಿಳಿ ಧೋತರ, ಹಣೆತುಂಬ ವಿಭೂತಿ. ಬಸವ ಜಯಂತಿಯ ದಿನ ಕಾಯಕ, ಸಮಾನತೆ ಎಂದು ಮೈಕಿನ ಮುಂದೆ ಮಾತಾಡಿದರೆ ಹೆಂಗಸರ ಕಣ್ಣಲ್ಲಿ ನೀರು ಬರುತ್ತಿತ್ತು. ಅವರು ಯಾರನ್ನೂ ಬೈಯಲಿಲ್ಲ. ಬೈಯಲಿಕ್ಕೆ ರೇವಣಪ್ಪ ಇದ್ದ.

"ಪಾಪ, ಅವರವರ ಪದ್ಧತಿ ಅವರವರಿಗಿ. ನಾವು ಒತ್ತಾಯ ಮಾಡಬಾರದು," ಎಂದರು. ಸುತ್ತ ನೋಡಿದರು. ಹುಲೆಪ್ಪ ಚೀಲ ಇಳಿಸಿ ಮೈ ಒರೆಸಿಕೊಳ್ಳುತ್ತಿದ್ದ. "ಏ ಹುಲೆಪ್ಪಾ, ಬಾ ಇಲ್ಲಿ. ಊರಿನ ಪರವಾಗಿ ಊದಾವ ನೀನ ಅಲ್ಲೇನು? ಇವರ ಪರವಾಗಿನೂ ನೀನ ಊದಿಬಿಡು."

ಖಮರ ದಿಗಿಲುಬಿದ್ದಳು. "ಸರ್, ಒಬ್ಬರ ಉಸಿರು ಇನ್ನೊಬ್ಬರ ಹೆಸರಿಗಿ ಹ್ಯಾಂಗ್ ಬರೀಲ್ರಿ? ಹಂಗ ಮಾಡಿದರ ಇದರದು ಅರ್ಥನ ಇಲ್ಲ."

ಒಳಗಿನಿಂದ ಡಾಕ್ಟರನ ದನಿ ಬಂತು: "ಬರೀರಿ ಖಮರ. ಊಟದ ಹೊತ್ತಾತು."

ಹೆಂಗಸರು ಸಮಾಧಾನವಾದರು. ಹುಲೆಪ್ಪನ ಎಂಜಲು ಹುಲೆಪ್ಪನ ಬಾಯಲ್ಲೇ ಇರುತ್ತದೆ. ಅವನ ಉಸಿರು ತಮ್ಮ ಹೆಸರಿಗೆ ಬಂದರೆ ಅದರಲ್ಲಿ ಮೈಲಿಗೆಯಿಲ್ಲ. ಕೆಂಪಿನ ಭಯವೂ ಇಲ್ಲ. "ಊದೋ ಹುಲೆಪ್ಪ, ಪುಣ್ಯಾ ಬರ್ತದ," ಎಂದು ಭಾಗ್ಯಾಳೇ ಹೇಳಿದಳು.

ಅವನು ಮೊದಲು ಸನಾದಿಯಂತೆ ಊದಿದ. ಕೆನ್ನೆ ಉಬ್ಬಿಸಿ, ಮೂಗಿನಿಂದ ಎಳೆದು, ಸಣ್ಣಗೆ, ಉದ್ದಕ್ಕೆ. ಮುಳ್ಳು ಅಲುಗಲಿಲ್ಲ. ಹಮಾಲರೆಲ್ಲ ಬಿದ್ದು ಬಿದ್ದು ನಕ್ಕರು.

"ಏ ಸೂಳಿಮಗನ, ಇಲ್ಲೇನ್ ಬೀಗರ ಬರಾಕತ್ತಾರೇನು?" ಎಂದ ರೇವಣಪ್ಪ.

"ಸನಾದಿ ಅಲ್ಲಣ್ಣ," ಖಮರ ಮೆಲ್ಲಗೆ ಹೇಳಿದಳು. "ಎಲ್ಲಾ ಒಮ್ಮಿಗೇ ಬಿಡಬೇಕು."

ಎರಡನೆಯ ಸಲ ಧಪ್ ಎಂದ. ಮುಳ್ಳು ಹಸಿರಿನ ತುದಿಗೆ ಹೋಗಿ ಕೂತಿತು. ಅಂಗಳದಲ್ಲಿ ಚಪ್ಪಾಳೆ ಬಿತ್ತು. ಅವನ ಜೀವಮಾನದಲ್ಲಿ ಹಂದರದ ಒಳಗಿನವರು ಅವನಿಗೆ ಚಪ್ಪಾಳೆ ತಟ್ಟಿದ್ದು ಅದೇ ಮೊದಲು. ಅವನು ಅರಳಿದ. ಆಮೇಲೆ ಅವನ ಕೈ ಕುದುರಿತು. ರೇವಣಪ್ಪ ಹೆಸರು ಕೂಗುವುದು, ಹುಲೆಪ್ಪ ಊದುವುದು.

"ಈಗಿಂದು ಮುದುಕಿದು, ಅಷ್ಟ ಜೋರ ಬ್ಯಾಡೋ, ಸಂಶೇ ಬರ್ತದ." ಅವನು ಸ್ವಲ್ಪ ಇಳಿಸಿದ. "ಇದು ಸೀಮಾಂದು." ಒಂದು ಗೆರೆ ಏರಿಸಿದ. ಭಾಗ್ಯಾಳ ಹೆಸರಿಗೆ ಒಂದಿಷ್ಟು ಗತ್ತಿನಿಂದ ಊದಿದ, ದೊಡ್ಡ ಜಾತಿಯವಳು. ರೇವಣಪ್ಪ ತನ್ನದನ್ನೂ ಊದಿಸಿದ. ಕೊನೆಗೆ ಸಾವ್ಕಾರರು ನಕ್ಕು, "ನಂದೂ ಬೇಕಂತ ಕಂಪನಿಯವರಿಗಿ. ನಂದೂ ನೀನ ಊದು. ಉಸಿರಿನಾಗ ಮ್ಯಾಲ ಕೆಳಗ ಎಲ್ಲಿಂದ ಬಂತು?" ಎಂದರು. ಆ ಮಾತಿಗೂ ಚಪ್ಪಾಳೆ ಬಿತ್ತು.

ಗಂಗುಬಾಯಿಯ ಹೆಸರು ಬಂದಾಗ ಹುಲೆಪ್ಪ ಒಂದು ಗಳಿಗೆ ನಿಂತ. ಗೋಡೆಗೆ ಒರಗಿದ್ದವಳನ್ನು ನೋಡಿದ. ಮೊನ್ನೆ ಮುಕಾದಮನ ಮಾತಿಗೆ ತಲೆ ಎತ್ತದೆ ಚೀಲ ಹೊತ್ತವನು ಅವನೇ. ಈಗ ಕೈಯಲ್ಲಿ ಒಂದು ಅವಕಾಶವಿತ್ತು. ಕಾಲು ಅಗಲಿಸಿ ನಿಂತು, ಬೆನ್ನಿನವರೆಗೆ ಗಾಳಿ ತುಂಬಿಕೊಂಡು, ಕಣ್ಣು ಮುಚ್ಚಿ, ಎದೆ ಒಡೆಯುವಂತೆ ಊದಿದ. ಮುಳ್ಳು ಕೊಳವೆಯ ತುದಿಗೆ ಹೋಗಿ ಬಡಿಯಿತು.

"ಲೇ ಭಾಡ್ಯಾ, ಹೇಣ್ತಿಗಿ ಅಂದ್ರ ನೋಡ ಹ್ಯಾಂಗ್ ಊದ್ತಾನ!" ಎಂದರು ಹಮಾಲರು.

ಗಂಗುಬಾಯಿಯೂ ಸೆರಗಿನ ಮರೆಯಲ್ಲಿ ನಕ್ಕಳು. ನಗು ಅರ್ಧದಲ್ಲಿ ಕೆಮ್ಮಾಯಿತು.

ವಾರ ಕಳೆಯುವುದರೊಳಗೆ ರೇವಣಪ್ಪ ಹೊಟ್ಟಿನ ಖೋಲಿಯ ಹೊಸ್ತಿಲಿಗೆ ಬಂದು ಹೊಸ ಹುಕುಂ ಹೇಳಿದ. "ಗಂಗೀ, ಇನ್ನ ಮುಂದ ಪೈಪಿನ ಬಾಯಿಗಿ ನೀನ ನಿಂದ್ರು. ಮಿಲ್ಲಿಗೇ ಫಸ್ಟ್ ಅದಲ್ಲ ನಿನ್ನ ಉಸಿರು. ಉಳದವರು ಅಲ್ಲಿ ತಡ್ಯಂಗಿಲ್ಲ."

ಪೈಪಿನ ಬಾಯಿಯೆಂದರೆ ಹೊಟ್ಟು ಮುಖಕ್ಕೇ ಬಂದು ಬೀಳುವ ಜಾಗ. ಮೊದಲು ಅಲ್ಲಿ ಎಲ್ಲರೂ ಸರತಿಯಲ್ಲಿ ನಿಲ್ಲುತ್ತಿದ್ದರು. ಈಗ ಸರತಿ ಬೇಕಾಗಲಿಲ್ಲ. ಭಾಗ್ಯಾ ಮುಖ ತಿರುಗಿಸಿದಳು. ಸರತಿ ತಪ್ಪಿದ್ದು ಎಲ್ಲರಿಗೂ ಹಗುರವೇ.

ಕಂಪನಿಯವರು ಕ್ಯಾಮೆರಾದವನನ್ನೂ ಕಳಿಸಿದರು. ಪಾಕೀಟಿನ ಮೇಲೆ ಒಬ್ಬ ಕೂಲಿ ಹೆಣ್ಣುಮಗಳ ನಗುವ ಮುಖ ಬೇಕಿತ್ತು. ಅತ್ಯುತ್ತಮ ಉಸಿರಿನವಳದೇ ಇರಲಿ ಎಂದು ಗಂಗುಬಾಯಿಯನ್ನು ಕರೆದರು. ಮುಖ ತೊಳೆಸಿ, ಮೊರದ ತುಂಬ ಬೇಳೆ ಕೊಟ್ಟು ನಿಲ್ಲಿಸಿದರು. ಕೆಮ್ಮಿನ ನಡುವಿನ ಬಿಡುವಿಗಾಗಿ ಕ್ಯಾಮೆರಾದವನು ಬಹಳ ತಾಳ್ಮೆಯಿಂದ ಕಾದ. ಪಟ ಚಂದ ಬಂತು. ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನಿಂತಿದ್ದ ನೀರು ಬೆಳಕಿಗೆ ಹೊಳೆದು ಸಂತೋಷದಂತೆ ಕಾಣುತ್ತಿತ್ತು.

ಒಂದು ಮಧ್ಯಾಹ್ನ ಅವಳು ಪೈಪಿನ ಬಾಯಲ್ಲಿ ಕುಸಿದಳು. ತುಟಿ ನೀಲಿಗಟ್ಟಿತ್ತು. ಹುಲೆಪ್ಪ ಚೀಲ ಎಸೆದು ಓಡಿಬಂದು, ಅವಳನ್ನು ಹೆಗಲಿಗೆ ಹಾಕಿಕೊಂಡು ಆಫೀಸಿಗೆ ನಡೆದ. ಆವತ್ತು ಡಾಕ್ಟರು ಬರುವ ದಿನ. ಡಾಕ್ಟರು ಬಾಗಿಲಲ್ಲೇ ತಡೆದ.

"ಹೊರಗ, ಹೊರಗ ಮಲಗಿಸು. ಏನಾಗ್ಯಾದ?"

"ದಮ್ಮ ಹತ್ತ್ಯಾದ್ರಿ ಸಾಹೇಬ್ರ. ಉಸಿರ ಹೋಗವಲ್ಲದು."

ಡಾಕ್ಟರು ಕಂಪ್ಯೂಟರಿನಲ್ಲಿ ಹೆಸರು ನೋಡಿದ. ನೋಡಿ ಹುಬ್ಬು ಏರಿಸಿದ. "ಗಂಗುಬಾಯಿ? ಈಕಿಗಿ ದಮ್ಮೇನು? ಇಡೀ ಮಿಲ್ಲಿಗೇ ಫಸ್ಟ್ ಅದಾಳ. ಇಂಥ ಉಸಿರು ನಂಗೂ ಇಲ್ಲ."

"ಅದು ಈಕಿದಲ್ರಿ. ನಾ ಊದಿದ್ದು."

"ನೀ ಊದಿದ್ದಾ? ಮತ್ತ ಈಕಿ ಹೆಸರಿಗಿ ಯಾಕ ಊದಿದಿ? ಮೋಸ ಅಲ್ಲೇನದು?"

ಹುಲೆಪ್ಪ ಗಂಗುಬಾಯಿಯನ್ನು ಹೊಸ್ತಿಲ ಹೊರಗೆ ಮಲಗಿಸಿದ. "ನೀವ ಇದ್ರೆಲ್ರಿ ಅವತ್ತ," ಎಂದ.

"ನಾ ಊಟಕ್ಕ ಹೋಗಿದ್ದೆ." ಡಾಕ್ಟರು ಫ್ಯಾನಿನ ಕಡೆಗೆ ಕುರ್ಚಿ ತಿರುಗಿಸಿದ. "ಕೆಲಸ ತಪ್ಪಸಾಕ ನಾಟಕ ಇವೆಲ್ಲ. ಬಿಸಿನೀರ ಕುಡಸು."

ಖಮರ ಹೊರಗೆ ಬಂದಳು. ಗೋಡೆಯ ನೆರಳಿನಲ್ಲಿ ಗಂಗುಬಾಯಿಯನ್ನು ಕೂಡಿಸಿ, ತನ್ನ ಚೀಲದಿಂದ ನೀಲಿ ಪಂಪು ತೆಗೆದು, ಒತ್ತಿ, "ಒಳಗ ಎಳಕೋ ಅಕ್ಕ, ತಡಿ, ಈಗ ಬಿಡು" ಎಂದಳು. ಮತ್ತೆ ಒತ್ತಿದಳು. ಬಹಳ ಹೊತ್ತಿನ ಮೇಲೆ ತುಟಿಗೆ ಬಣ್ಣ ಬಂತು.

"ಅಣ್ಣ," ಎಂದಳು ಖಮರ, ಆಫೀಸಿನ ಕಡೆ ನೋಡುತ್ತ. "ಕೆಂಪಿಗಿ ಬಂದವರನ್ನ ಮನಿಗಿ ಕಳಸ್ತೇವಂತ ನಿಮಗ ಯಾರ್ ಹೇಳಿದರು?"

"ರೇವಣಪ್ಪ."

"ಸುಳ್ಳ. ಕಂಪನಿಯವರದು ಷರತ್ತ ಅದ. ಕೆಂಪಿಗಿ ಬಂದವರನ್ನ ಧೂಳಿನ ಕೆಲಸದಿಂದ ತೆಗೀಬೇಕು, ಬಯಲಾಗ ಕಟ್ಟಿ ಮ್ಯಾಲ ಬ್ಯಾಳಿ ಹಸನ ಮಾಡೂ ಕೆಲಸಕ್ಕ ಹಾಕಬೇಕು, ದವಾ ಮಿಲ್ಲಿನವರ ಕೊಡಬೇಕು. ಬಹಳ ಮಂದಿ ಕೆಂಪಿಗಿ ಬಂದರ ಧೂಳ ಹೀರೂ ಮಷಿನ್ ಹಾಕಸಬೇಕು. ಅಕ್ಕ ಅವತ್ತ ತನ್ನ ಉಸಿರು ತಾನ ಊದಿದ್ರ..." ಕೊಳವೆಯನ್ನೂ ಪಂಪನ್ನೂ ಗಂಗುಬಾಯಿಯ ಮಡಿಲಲ್ಲಿ ಇಟ್ಟಳು. "ಮುಂಜಾನಿ ಒಮ್ಮೆ, ಸಂಜಿಕ ಒಮ್ಮೆ ಊದಿ ನೋಡು. ಮುಳ್ಳ ಕೆಳಗ ಇಳ್ಯಾಕ ಹತ್ತಿತಂದ್ರ, ದಮ್ಮ ಬರೂತನಕ ಕಾಯಬ್ಯಾಡ. ಪಂಪ ತಗೋ. ಇಳಿದದ್ದು ಏರಲಿಲ್ಲಂದ್ರ ನಂಗ ಹೇಳಿ ಕಳಸು."

ಸಂಜೆ ಮನೆಯ ಮುಂದಿನ ಕಟ್ಟೆಯಲ್ಲಿ ಗಂಗುಬಾಯಿ ಕೊಳವೆ ಬಾಯಿಗಿಟ್ಟು ಊದಿದಳು. ಮುಳ್ಳು ಕೆಂಪಿನಲ್ಲಿ, ಇನ್ನೇನು ಏಳಲೋ ಬೇಡವೋ ಎನ್ನುವಂತೆ ನಿಂತಿತು.

"ಅವತ್ತ ನನ್ನ ಹೆಸರಿಗಿ ಎಲ್ಲೀ ಮಟ ಹೋಗಿತ್ತು?"

ಹುಲೆಪ್ಪ ಕೊಳವೆಯ ತುದಿಯನ್ನು ಬೆರಳಿಂದ ತೋರಿಸಿದ.

"ಅಷ್ಟ ಯಾಕ ಊದಿದ್ಯೋ?"

"ನಿಂದು ಛಲೋ ಇರ್ಲಿ ಅಂತ."

"ಛಲೋ ಆತಲ್ಲ. ಪೈಪಿನ ಬಾಯಿಗಿ ನಿಂದ್ರೂವಷ್ಟು." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಅದು ಅವನಿಗೆ ಇನ್ನೂ ಕಷ್ಟವಾಯಿತು. "ಮದಿವ್ಯಾಗ ಮಂದಿಗೆಲ್ಲ ನೀ ಊದ್ತಿ, ಅವರು ಬಾಳೇ ಮಾಡ್ತಾರ. ಉಸಿರ ಹಂಗಲ್ಲೋ. ನಂದು ನಾ ಊದಬೇಕಾಗಿತ್ತು."

ಅಮಾವಾಸ್ಯೆ ಬಂತು. ಅಮಾವಾಸ್ಯೆಗೆ ಮಿಲ್ಲು ಬಂದ್. ಮಷಿನ್ನುಗಳಿಗೆ ಕುಂಕುಮ ಹಚ್ಚಿ, ಕಾಯಿ ಒಡೆದು, ಅವಕ್ಕೆ ವಿಶ್ರಾಂತಿ ಕೊಡುವ ದಿನ. ಮಷಿನ್ನಿಗೆ ಸಿಕ್ಕ ವಿಶ್ರಾಂತಿಯಲ್ಲಿ ಒಂದು ಪಾಲು ಗಂಗುಬಾಯಿಗೂ ಸಿಗುತ್ತಿತ್ತು. ಆ ಸಂಜೆ ಊದಿದಾಗ ಮುಳ್ಳು ಕೆಂಪು ದಾಟಿ ಹಳದಿಗೆ ಬಂತು. ಮಿಲ್ಲು ಶುರುವಾದ ಸಂಜೆ ಮತ್ತೆ ಕೆಂಪಿಗೆ ಇಳಿಯಿತು. ಹುಲೆಪ್ಪ ಎರಡನ್ನೂ ನೋಡಿದ. ಟವೆಲ್ ಹೆಗಲಿಗೆ ಹಾಕಿಕೊಂಡು ಸಾವ್ಕಾರರ ವಾಡೆಯ ಕಡೆ ನಡೆದ.

ಜಗದೇವಪ್ಪನವರು ಪಡಸಾಲೆಯ ತೂಗುಮಂಚದಲ್ಲಿದ್ದರು. ಹುಲೆಪ್ಪ ಅಂಗಳದಲ್ಲಿ, ಚಪ್ಪಲಿ ಬಿಡುವಲ್ಲಿ ನಿಂತ.

"ಬಾ ಹುಲೆಪ್ಪ. ದಣದು ಬಂದೀದಿ, ನೀರ ಕುಡಿ." ಒಳಗಿನವರು ಚರಿಗೆ ತಂದು ಎತ್ತರದಿಂದ ಸುರಿದರು. ಅವನು ಬೊಗಸೆಯೊಡ್ಡಿ ಕುಡಿದ. ಅರ್ಧ ನೀರು ಮೊಣಕೈಯಿಂದ ಇಳಿದು ಹೋಯಿತು.

"ಸಾವ್ಕಾರ್ರ, ನನ್ನ ಹೇಣ್ತಿದು ಮತ್ತೊಮ್ಮೆ ಊದಸ್ರಿ. ಅವತ್ತಿಂದು ಆಕಿದಲ್ಲ."

"ಗೊತ್ತದ."

ಅವರು ಒಪ್ಪಿಕೊಳ್ಳುತ್ತಾರೆಂದು ಹುಲೆಪ್ಪ ಎಣಿಸಿರಲಿಲ್ಲ. ಮುಂದೆ ಆಡಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತೆಲ್ಲ ವ್ಯರ್ಥವಾಯಿತು.

"ನೋಡು, ನೀ ಆಕಿದು ಒಂದ ಊದಿಲ್ಲ. ಎಲ್ಲರದೂ ಊದೀದಿ. ಗಂಗೀದು ಸುಳ್ಳಂದ್ರ ಎಲ್ಲರದೂ ಸುಳ್ಳ. ಭಾಗ್ಯಾಂದು ಸುಳ್ಳ, ಸೀಮಾಂದು ಸುಳ್ಳ, ನಂದೂ ಸುಳ್ಳ." ಸಾವ್ಕಾರರು ನಗುತ್ತಲೇ ಹೇಳಿದರು. "ಕಂಪನಿ ಹೋದರ ಮಿಲ್ಲ ಬಂದ್. ಎಲ್ಲಾ ಹೆಣ್ಣಮಕ್ಕಳು ನಿನ್ನ ಮನಿ ಮುಂದ ಬಂದು ಮಣ್ಣ ತೂರ್ತಾರ. ನಿಂಗ ಅದು ಬೇಕೇನು?"

"ಆಕಿ ಸಾಯ್ತಾಳ್ರಿ."

"ಏ ಹುಚ್ಚಾ, ದವಾ ಕೊಡಸೂಣು. ನಾಡದ ಕಂಪನಿಯವರು ಬರ್ತಾರ, ಮಠದ ಅಯ್ನೋರು ಬರ್ತಾರ. ಗಂಗಿಗಿ ಶಾಲು ಹೊಚ್ಚಿ ಸನ್ಮಾನ ಅದ. ನಿನ್ನ ಸನಾದಿನೂ ಇರಬೇಕು. ಗೇಟಿನ ಬಾಜೂಕ ಕೂಡು, ಮೈಕ್ ಹಚ್ಚಸ್ತೇನಿ. ಛಲೋ ಅಂಗಿ ಹಾಕ್ಕೊಂಡು ಬಾ." ಅವರು ತೂಗುಮಂಚವನ್ನು ಕಾಲಿಂದ ಮೀಟಿದರು. "ಮತ್ತ ಬರೂಮುಂದ ಆಕಿಗಿ ಹೇಳು, ಸ್ಟೇಜ್ ಮ್ಯಾಲ ಕೆಮ್ಮಬಾರದು."

ಹುಲೆಪ್ಪ ಹಿಂತಿರುಗಿದ ಮೇಲೆ ಅಂಗಳದಲ್ಲಿ ತಾನು ನಿಂತಿದ್ದ ಜಾಗಕ್ಕೆ ನೀರು ಹೊಯ್ಯುವ ಸದ್ದು ಅವನಿಗೆ ಕೇಳಿಸಿತು. ಪ್ರತಿಸಲವೂ ಕೇಳಿಸುತ್ತಿತ್ತು. ಆವತ್ತು ಅವನು ನಿಂತು ಕೇಳಿದ.

ಸನ್ಮಾನದ ದಿನ ಬ್ಲೋವರು ನಿಲ್ಲಿಸಿದ್ದರು. ಅಂಗಳಕ್ಕೆ ನೀರು ಹೊಡೆದು, ಹಂದರ ಹಾಕಿ, ಮೇಲೆ ದೊಡ್ಡ ಬಟ್ಟೆ ಕಟ್ಟಿದ್ದರು. ಅದರ ಮೇಲೆ ಗಂಗುಬಾಯಿ, ಕಣ್ಣಲ್ಲಿ ಹೊಳೆಯುವ ನೀರಿನೊಂದಿಗೆ ಮೊರ ಹಿಡಿದು ನಗುತ್ತಿದ್ದಳು. ಕೆಳಗೆ ನಿಜವಾದ ಗಂಗುಬಾಯಿ ಹೊಟ್ಟಿನ ಖೋಲಿಯ ಹೆಂಗಸರ ನಡುವೆ, ಹೊಸ ಸೀರೆಯಲ್ಲಿ, ಭುಜ ಏರಿಸಿ ಇಳಿಸುತ್ತ ಕೂತಿದ್ದಳು. ವೇದಿಕೆಯ ಮೇಲೆ ಅಯ್ಯನವರು, ಕಂಪನಿಯ ಇಬ್ಬರು, ಡಾಕ್ಟರು. ಮೂಲೆಯಲ್ಲಿ ಖಮರ. ಹುಲೆಪ್ಪ ಗೇಟಿನ ಪಕ್ಕ, ಹಂದರದ ಹೊರಗೆ, ತಾಡಪತ್ರಿಯ ಮೇಲೆ ಸನಾದಿ ಹಿಡಿದು ಕೂತಿದ್ದ. ಅವನ ಮುಂದೊಂದು ಮೈಕು. ಹಂದರದ ನಾಲ್ಕೂ ಮೂಲೆಗೆ ಸ್ಪೀಕರು.

ಜಗದೇವಪ್ಪನವರು ಮಾತಾಡಿದರು. ದುಡಿಯುವವರ ಉಸಿರೇ ನಮ್ಮ ಉಸಿರು ಎಂದರು. ಅದು ಖರೆಯೇ ಆಗಿತ್ತು. ಆಮೇಲೆ ರೇವಣಪ್ಪ ಮೈಕು ಹಿಡಿದು, ಬಾಯಲ್ಲಿ ಬೈಗುಳವಿಲ್ಲದ ಹೊಸ ಭಾಷೆಯಲ್ಲಿ ಕೂಗಿದ: "ಈಗ ನಮ್ಮ ಮಿಲ್ಲಿನ ಅತ್ಯುತ್ತಮ ಉಸಿರಿನ ಮಹಿಳೆ, ಶ್ರೀಮತಿ ಗಂಗುಬಾಯಿಯವರು ವೇದಿಕೆಗೆ ಬರಬೇಕು. ಸನಾದಿ!"

ಸನಾದಿ ಕೇಳಲಿಲ್ಲ.

"ಏ ಹುಲ್ಯಾ... ಹುಲೆಪ್ಪನವರೇ, ಊದ್ರಿ."

ಹುಲೆಪ್ಪ ಸನಾದಿಯನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದ. ಗಂಗುಬಾಯಿ ಎದ್ದಳು. ವೇದಿಕೆಯ ಮೆಟ್ಟಿಲ ಕಡೆ ಒಂದು ಸಲ ನೋಡಿದಳು. ಅಷ್ಟು ಮೆಟ್ಟಿಲು ಹತ್ತುವುದು ಅವಳಿಂದ ಆಗುವಂತಿರಲಿಲ್ಲ. ತಿರುಗಿ, ಗೋಡೆ ಹಿಡಿದುಕೊಂಡು, ನಿಂತು ನಿಂತು ಗೇಟಿನ ಕಡೆ ನಡೆದಳು. ಗಂಡನ ಎದುರು ಕುಕ್ಕರಿಸಿ ಕೂತು ಕೈ ಚಾಚಿದಳು.

"ಕೊಡು."

ಕೊರವರ ಹೆಂಗಸರು ಸನಾದಿ ಮುಟ್ಟುವುದಿಲ್ಲ. ಹುಲೆಪ್ಪ ಅವಳ ಮುಖ ನೋಡಿ ಕೊಟ್ಟ. ಮೈಕನ್ನು ಅವಳ ಎತ್ತರಕ್ಕೆ ಬಗ್ಗಿಸಿದ.

ಗಂಗುಬಾಯಿ ಊದಿದಳು. ಸ್ವರ ಬರಲಿಲ್ಲ. ಮೊದಲು ಉಸಿರು ಎಳೆದ ಸದ್ದು ಬಂತು, ತೂತು ಬಿದ್ದ ತಿದಿಯನ್ನು ಜಗ್ಗಿದಂತೆ. ಆಮೇಲೆ ಅದು ಹೊರಗೆ ಬರುವ ಸದ್ದು. ಬಾಗಿಲ ಸಂದಿಯಲ್ಲಿ ಗಾಳಿ ಕೊಯ್ಯುವಂತೆ, ಸಣ್ಣಗೆ, ಹಲವು ಎಳೆಯಾಗಿ, ನಡುನಡುವೆ ಬೆಕ್ಕಿನ ಮರಿಯ ದನಿಯಾಗಿ, ನಾಲ್ಕೂ ಸ್ಪೀಕರಿನಿಂದ ಒಮ್ಮೆಗೇ ಹೊರಟು ಹಂದರದ ತುಂಬ ಹರಡಿತು. ರಸ್ತೆಯಲ್ಲಿ ಹೋಗುತ್ತಿದ್ದ ಟ್ರ್ಯಾಕ್ಟರಿನವನು ಗಾಡಿ ನಿಲ್ಲಿಸಿದ.

ಕಂಪನಿಯವರಿಗೆ ಕನ್ನಡ ಬರುತ್ತಿರಲಿಲ್ಲ. ಇದು ಈ ಕಡೆಯ ಜಾನಪದ ಇರಬೇಕೆಂದುಕೊಂಡರು. ಒಬ್ಬ ಮೊಬೈಲು ಎತ್ತಿ ಹಿಡಿದ. ಇನ್ನೊಬ್ಬ ಸಣ್ಣಗೆ ಚಪ್ಪಾಳೆಯ ತಾಳ ಹಾಕಲು ನೋಡಿದ. ಆ ಉಸಿರಿಗೆ ತಾಳ ಹೊಂದಲಿಲ್ಲ. ಅವನು ಕೈ ಇಳಿಸಿದ.

"ಇನ್ನೊಮ್ಮೆ, ಗಂಗಕ್ಕ," ಮೂಲೆಯಿಂದ ಖಮರಳ ದನಿ ಬಂತು. ಅವಳು ಎದ್ದು ನಿಂತಿದ್ದಳು. "ಮೂರು ಸರ್ತಿ ಊದಬೇಕು."

ಡಾಕ್ಟರು ಅವಳ ಕಡೆ ಕಣ್ಣು ಬಿಟ್ಟ. ಗಂಗುಬಾಯಿ ಮೂರು ಸಲ ಊದಿದಳು. ಮೂರನೆಯದರಲ್ಲಿ ಸದ್ದು ಕೂಡ ಇರಲಿಲ್ಲ. ಬರೇ ಮೈಕಿಗೆ ತಾಗಿದ ಗಾಳಿ. ಸನಾದಿಯನ್ನು ಗಂಡನ ಕೈಗೆ ಕೊಟ್ಟು, ಹಣೆಯನ್ನು ಮೊಣಕಾಲಿಗೆ ಒತ್ತಿ, ಮೇಲಿನ ಪಟದಲ್ಲಿ ತಾನು ನಗುವುದನ್ನು ನೋಡದೆ ಕೂತಳು.

"ಮೈಕ್ ಬಂದ್ ಮಾಡ್ರಲೇ, ನಿಮ್ಮೌನ!" ರೇವಣಪ್ಪನ ಹಳೆಯ ಭಾಷೆ ಅದೇ ಮೈಕಿನಿಂದ ಊರಿಗೆಲ್ಲ ಕೇಳಿಸಿತು.

ಹುಲೆಪ್ಪ ಎದ್ದು ನಿಂತ. ಆವತ್ತು ಅಂಗಳದಲ್ಲಿ ರೇವಣಪ್ಪ ಕೂಗಿದ ಹೆಸರುಗಳೆಲ್ಲ ಅವನಿಗೆ ಸಾಲಾಗಿ ನೆನಪಿದ್ದವು; ಒಂದೊಂದಕ್ಕೂ ಅವನು ಒಂದೊಂದು ಉಸಿರು ಕೊಟ್ಟಿದ್ದ. ದನಿ ಎತ್ತರಿಸಿ ಕೂಗಿದ:

"ಭಾಗ್ಯಾ!"

ಹೆಂಗಸರ ಗುಂಪು ಮಿಸುಕಲಿಲ್ಲ. ಭಾಗ್ಯಾ ಸಾವ್ಕಾರರ ಕಡೆ ನೋಡಿದಳು. ಗಂಗುಬಾಯಿಯ ಕಡೆ ನೋಡಿದಳು. ಕೆಮ್ಮು ಬಂತು, ಹೊರಗೆ ಹೋಗಿ ಕೆಮ್ಮಿ ಬರಲು ಆವತ್ತು ಅವಳು ಹೋಗಲಿಲ್ಲ. ಅಲ್ಲೇ, ಅಯ್ಯನವರ ಎದುರೇ, ಕಣ್ಣು ಕೆಂಪಾಗುವವರೆಗೆ ಕೆಮ್ಮಿದಳು. ನಂತರ ಗೇಟಿನ ಕಡೆ ಬಂದಳು.

ಸನಾದಿಯ ತುದಿಯ ಪೀಪಿ ಒದ್ದೆಯಾಗಿತ್ತು. ಗಂಗುಬಾಯಿಯದು, ಅದರ ಕೆಳಗೆ ಹುಲೆಪ್ಪನದು, ಅವನಪ್ಪನದು. ಭಾಗ್ಯಾ ಒರೆಸಲೆಂದು ಸೆರಗು ತಂದಳು. ಸೆರಗಿನ ತುಂಬ ಹಳದಿ ಹೊಟ್ಟು ಕೂತಿತ್ತು. ಅದನ್ನು ಒಂದು ಗಳಿಗೆ ನೋಡಿ ಕೈಬಿಟ್ಟಳು. ಒರೆಸದೆ ಬಾಯಿಗಿಟ್ಟಳು.

ಅವಳ ಉಸಿರೂ ಸ್ವರವಾಗಲಿಲ್ಲ. ಅಷ್ಟರಲ್ಲಿ ಯಾರೋ ವೈರು ಕಿತ್ತರು. ಸ್ಪೀಕರುಗಳು ಸುಮ್ಮನಾದವು. ಬ್ಲೋವರೂ ನಿಂತಿತ್ತು, ಹಾಗಾಗಿ ಮೈಕಿಲ್ಲದೆಯೂ ಅದು ವೇದಿಕೆಯವರೆಗೆ ಕೇಳಿಸುತ್ತಿತ್ತು.

"ಸೀಮಾ!"

ಸೀಮಾ ಬಂದಳು. ಮುದುಕಿ ಬಂದಳು. ಹೊಲಗೇರಿಯವರು ಬಂದರು. ಯಾರ ಹಿಂದೆ ಯಾರು ಎಂದು ಯಾರೂ ಕೇಳಲಿಲ್ಲ. ಒಬ್ಬೊಬ್ಬಳೂ ಊದಿ, ಊದಲಾರದೆ, ಗಂಗುಬಾಯಿಯ ಪಕ್ಕ ಹೋಗಿ ಕೂರುತ್ತಿದ್ದಳು. ಕೊಳವೆಯ ಬಣ್ಣವನ್ನು ಕಂಪನಿಯವರಿಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ಮೊಬೈಲು ಹಿಡಿದವನು ಡಾಕ್ಟರನ ಕಡೆ ಬಗ್ಗಿ ಏನೋ ಕೇಳುತ್ತಿದ್ದ. ಡಾಕ್ಟರು ಊಟದ ವ್ಯವಸ್ಥೆಯ ಕಡೆ ಕೈ ತೋರಿಸುತ್ತಿದ್ದ.

ಹೆಂಗಸರ ಹೆಸರು ಮುಗಿದವು. ಹುಲೆಪ್ಪ ಸನಾದಿ ತೆಗೆದುಕೊಂಡ. ಅದರ ತುದಿಯಿಂದ ಎಂಜಲು ತೊಟ್ಟಿಕ್ಕುತ್ತಿತ್ತು. ಚಪ್ಪಲಿ ಬಿಡದೆ ಹಂದರದೊಳಗೆ ನಡೆದ. ಜಮಖಾನೆ ದಾಟಿದ. ವೇದಿಕೆಯ ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟು ನಿಂತ. ರೇವಣಪ್ಪ ಅಡ್ಡ ಬಂದವನು ಆ ಒದ್ದೆ ತುದಿಯನ್ನು ನೋಡಿ, ತಾಗೀತೆಂದು ಹಿಂದೆ ಸರಿದ.

ಹುಲೆಪ್ಪ ಎರಡೂ ಕೈಯಲ್ಲಿ ಸನಾದಿಯನ್ನು ಮುಂದೆ ಚಾಚಿ, ಹೆಸರು ಕರೆಯುವ ಅದೇ ದನಿಯಲ್ಲಿ ಕೂಗಿದ:

"ಜಗದೇವಪ್ಪ ಸಾವ್ಕಾರ್ರು!"